ಪಾಲಿಗೆ ಬಂದ ನೋವು

‘ನಿನ್ನ ಬ್ಯಾನಿ ನನಗ ಬರ್ಲಿ’ ಎಂದು ಮಕ್ಕಳ ಮುಖ ಸವರಿ ನೆಟಿಗೆ ಮುರಿಯುವುದು ನಮ್ಮ ಕಡೆಯ ತಾಯಂದಿರ ರೂಢಿ. ಜ್ವರ ಬರಲಿ, ಮೊಣಕಾಲು ತರಚಲಿ, ಹಲ್ಲು ಅಲುಗಾಡಲಿ, ಎಲ್ಲಕ್ಕೂ ಅದೇ ಮಾತು. ನನ್ನವ್ವ ನನಗೆ ಅಂದಿದ್ದಳು, ನಾನು ನನ್ನ ಮಗಳಿಗೆ ಅಂದಿದ್ದೆ. ಅಂದಮೇಲೆ ಎದ್ದು ಹೋಗಿ ರೊಟ್ಟಿ ಬಡಿಯುತ್ತಿದ್ದೆವು. ಅದು ಬರೀ ಬಾಯಿಮಾತಾಗಿದ್ದ ಕಾಲ ಎಷ್ಟು ಚೆನ್ನಾಗಿತ್ತು ಅಂತೀರಿ!

ಈಗ ಹಾಗಿಲ್ಲ. ಈಗ ಒಬ್ಬರ ನೋವು ನಿಜವಾಗಿಯೂ ಇನ್ನೊಬ್ಬರಿಗೆ ಹೋಗುತ್ತದೆ. ಕೊರಳಿಗೊಂದು ಪಟ್ಟಿ ಕಟ್ಟಿಕೊಂಡರೆ ಆಯಿತು. ಪಾಲುಪಟ್ಟಿ ಎನ್ನುತ್ತಾರೆ. ಕಾರಿನ ಬೆಲ್ಟ್ ಎಳೆದು ಸಿಕ್ಕಿಸಿಕೊಳ್ಳಲು ಸೋಮಾರಿತನ ಮಾಡಿದ ನಮ್ಮ ಜನ ಈ ಪಟ್ಟಿಯನ್ನು ಮಾತ್ರ ಸಾಲುಗಟ್ಟಿ ನಿಂತು ಕಟ್ಟಿಸಿಕೊಂಡರು. ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ಶಿವಲೀಲಾ. ಮನೆ ಹುಬ್ಬಳ್ಳಿಯ ಉಣಕಲ್ ಕೆರೆಯ ಹಿಂದೆ. ನಮ್ಮನೆಯವರು ಗುರುಶಾಂತಪ್ಪ, ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವರು. ಹರೆಯದಲ್ಲಿ ಪೈಲ್ವಾನರು. ಈಗ ಹೊಟ್ಟೆ ಬಂದಿದ್ದರೂ ಗರಡಿಮನೆಯ ಗತ್ತು ಹೋಗಿರಲಿಲ್ಲ. ಅಲ್ಲಿ ಅವರ ಉಸ್ತಾದರು ಕಲಿಸಿದ ಮೊದಲ ಪಾಠವನ್ನು ನನಗೆ ಸಾವಿರ ಸಲ ಹೇಳಿದ್ದಾರೆ: ಎದುರಾಳಿ ತೋಳು ತಿರುವಲಿ, ಪಕ್ಕೆಲುಬು ಮುರಿಯಲಿ, ಬಾಯಿಂದ ‘ಹಾ’ ಅನ್ನಬಾರದು. ‘ಹಾ’ ಅಂದವನು ಅಲ್ಲಿಗೆ ಸೋತ. ಹಲ್ಲು ಕೀಳಿಸಿಕೊಂಡು ಬಂದ ದಿನವೂ ಈ ಮನುಷ್ಯ ಕಟಕಟ ಅಂತ ರೊಟ್ಟಿ ಕಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮಗೆ ಒಬ್ಬಳೇ ಮಗಳು, ನೀಲಾಂಬಿಕಾ. ಧಾರವಾಡದ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಳು. ಮನೆಯಲ್ಲಿ ನೀಲಾ.

ಅಪಘಾತವಾದದ್ದು ಮಟಮಟ ಮಧ್ಯಾಹ್ನ. ಗದಗಿನಲ್ಲಿ ಮೈದುನನ ಮಗಳ ಕುಬಸ ಮುಗಿಸಿಕೊಂಡು ಹೊರಟಿದ್ದೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಂದವರಿಗೆಲ್ಲ ಹೋಳಿಗೆ, ತುಪ್ಪ, ಕಟ್ಟಿನ ಸಾರು. ನಮ್ಮನೆಯವರು ಹೋಳಿಗೆ ಹೊಡೆದ ರೀತಿ ನೋಡಿ ಬೀಗರೇ ನಕ್ಕರು. “ಅರ್ಧ ತಾಸು ಅಡ್ಡಾಗಿ ಆಮ್ಯಾಲ ಹೋಗೂಣ್ರಿ” ಅಂದೆ. “ನಾ ಏನ್ ಮುದುಕೇನು?” ಅಂದರು. ಕಾರು ಹತ್ತಿದ ಕೂಡಲೇ ನೀಲಾ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದಳು. ಮಲಗಿದರೆ ಬೆಲ್ಟ್ ಹಾಕಲು ಬರುವುದಿಲ್ಲ. “ಎದ್ದು ಕುಂತು ಬೆಲ್ಟ್ ಹಾಕ್ಕೊ” ಎಂದು ನಾನು ಗದರಿದರೆ ಅವರಪ್ಪ, “ಹಿಂದ ಯಾಂವ ಹಾಕ್ತಾನ? ಮಲಗ್ಲಿ ಬಿಡು, ನಾ ಅದೀನಿ” ಅಂದರು.

ಅಷ್ಟು ಹೊತ್ತಿಗೆ ಎಲ್ಲ ಕಾರುಗಳಲ್ಲೂ ಸ್ಟೇರಿಂಗ್ ಹಿಂದೆ ಕಣ್ಣು ಕಾಯುವ ಕ್ಯಾಮೆರಾ ಕಡ್ಡಾಯವಾಗಿತ್ತು. ಓಡಿಸುವವನ ರೆಪ್ಪೆ ಬಿದ್ದರೆ ಅದು ಕಿರುಚುತ್ತಿತ್ತು. ಕೇಳದಿದ್ದರೆ ತಾನೇ ವೇಗ ಇಳಿಸಿ ಕಾರನ್ನು ಪಕ್ಕಕ್ಕೆ ನಿಲ್ಲಿಸುತ್ತಿತ್ತು. ನಮ್ಮ ಗಂಡಸರು ಅದಕ್ಕೂ ಮದ್ದು ಕಂಡುಹಿಡಿದರು: ಹೆಂಗಸರ ಕರಿ ಟಿಕಳಿ. ಹಣೆಗೆ ಅಂಟಿಸಿಕೊಳ್ಳುವ ಟಿಕಳಿಯನ್ನು ಕ್ಯಾಮೆರಾದ ಮೇಲೆ ಅಂಟಿಸಿದರೆ ಅದು ಚಾಲಕ ಕಪ್ಪು ಕನ್ನಡಕ ಹಾಕಿದ್ದಾನೆ ಎಂದು ತಿಳಿದು ಸುಮ್ಮನಾಗುತ್ತಿತ್ತು. ಊರಿಗೆ ಊರೇ ಹಾಗೆ ಮಾಡಿತ್ತು. ನಮ್ಮ ಕಾರಿನಲ್ಲಿದ್ದದ್ದು ನನ್ನ ಪಾಕೀಟಿನಿಂದ ನನ್ನನ್ನು ಕೇಳದೆ ತೆಗೆದುಕೊಂಡ ಟಿಕಳಿ. ಬೈದರೆ, “ಕಾರು ನನಗ ಬುದ್ಧಿ ಹೇಳತೈತೇನ?” ಎಂಬ ಉತ್ತರ.

ಅಣ್ಣಿಗೇರಿ ದಾಟಿದ ಮೇಲೆ ರಸ್ತೆಯ ಪಕ್ಕ ಹತ್ತಿ ಹೇರಿದ ಟ್ರೇಲರ್ ಒಂದು ನಿಂತಿತ್ತು. ನಾನು ದೂರದಿಂದಲೇ ನೋಡಿದೆ. ಅವರೂ ನೋಡುತ್ತಿದ್ದಾರೆ ಎಂದುಕೊಂಡೆ. ಅವರ ಕಡೆ ತಿರುಗಿದಾಗ ಗದ್ದ ಎದೆಗೆ ತಾಗಿತ್ತು. ‘ರೀ’ ಅಂದದ್ದಷ್ಟೇ ನೆನಪು.

ನನ್ನ ಹೆಗಲೆಲುಬು ಮುರಿಯಿತು. ಅವರಿಗೆ ಬೆಲ್ಟಿನ ಬರೆ ಬಿಟ್ಟರೆ ಮೈಮೇಲೆ ಒಂದು ಗೀರೂ ಇಲ್ಲ. ಹಿಂದೆ ಮಲಗಿದ್ದ ನೀಲಾ ಎರಡು ಸೀಟುಗಳ ನಡುವಿನಿಂದ ತೂರಿ ಬಂದು ಮುಂದಿನ ಗಾಜಿನ ಕೆಳಗೆ ಮುದ್ದೆಯಾಗಿ ಬಿದ್ದಿದ್ದಳು. ಬಲತೊಡೆಯ ಎಲುಬು ಚೂರುಚೂರು. ಸೊಂಟದ ಎಲುಬು ಸೀಳು. ಜೀವ ಉಳಿದದ್ದೇ ದೊಡ್ಡದು ಎಂದು ಬಂದವರೆಲ್ಲ ಹೇಳಿದರು. ನಾನೂ ಹಾಗೇ ಅಂದುಕೊಂಡು ಕಂಡ ಕಂಡ ದೇವರಿಗೆ ಕೈಮುಗಿದೆ.

ಎಲುಬಿನೊಳಗೆ ಸರಳು ತೂರಿಸಿ ಕೂಡಿಸಿದರು. ಗಾಯ ಮಾಯಿತು, ನೋವು ಮಾಯಲಿಲ್ಲ. ಒಳಗಿನ ನರ ಜಜ್ಜಿಹೋಗಿತ್ತಂತೆ. ಕಾಲಿನ ಮೇಲೆ ತೆಳು ಚಾದರ ಹೊದಿಸಿದರೂ ಕಿರುಚುತ್ತಿದ್ದಳು. ಗುಳಿಗೆ ಕೊಟ್ಟರೆ ಹೆಣದಂತೆ ನಿದ್ದೆ, ಎಚ್ಚರಾದರೆ ಮತ್ತೆ ಕಿರುಚಾಟ. ಯುಗಾದಿಯ ಹೊತ್ತಿಗೆ ಮಗಳು ನಮ್ಮ ಮುಖ ನೋಡುವುದನ್ನೇ ಬಿಟ್ಟಿದ್ದಳು. ‘ನಿನ್ನ ಬ್ಯಾನಿ ನನಗ ಬರ್ಲಿ’ ಅಂತ ನಾನು ಎಷ್ಟು ಸಲ ಅಂದೆನೋ. ಒಂದು ದಿನ ನೀಲಾ ಹಲ್ಲು ಕಚ್ಚಿ, “ಬರ್ಲಿ ಬರ್ಲಿ ಅಂತಿ, ತಗೊಂಡು ಹೋಗವ್ವ ಮತ್ತ!” ಎಂದು ಚೀರಿದಳು. ಅದೇ ವಾರ, ಪಾಲುಪಟ್ಟಿಗೆಂದು ನಾವು ಹೆಸರು ಬರೆಸಿದ್ದ ಧಾರವಾಡದ ಪ್ರಯೋಗಾಲಯದಿಂದ ಕರೆ ಬಂತು.

ಅಲ್ಲಿ ಡಾಕ್ಟರ್ ನಸ್ರೀನ್ ಕಿತ್ತೂರ ಅಂತ. ಪಾಲುಪಟ್ಟಿಯನ್ನು ರೂಪಿಸಿದವರಲ್ಲಿ ಒಬ್ಬರು. ತೆಳ್ಳಗೆ, ಕುಳ್ಳಗೆ, ಮಾತು ಮಾತ್ರ ಖಡಕ್ಕು. ಗೋಡೆ ತುಂಬ ಕಂಪ್ಯೂಟರ್ ಪರದೆಗಳಿದ್ದ ಕೋಣೆಯಲ್ಲಿ ನಮ್ಮಿಬ್ಬರನ್ನೂ ಕೂಡಿಸಿಕೊಂಡು ವಿವರಿಸಿದರು.

“ನೋಡ್ರಿ, ನೋವು ಅಂದ್ರ ಫೋನ್ ಇದ್ದಂಗ. ಕಾಲಿನಿಂದ ಮಿದುಳಿಗೆ ಬಡಕೊಂತಾನ ಇರತೈತಿ. ಮೊದಲು ನಾವು ನಡುವ ತಡದು ನೋಡಿದ್ವಿ. ಸ್ವಲ್ಪ ದಿನ ಸುಮ್ಮ ಇದ್ದು, ಬ್ಯಾರೆ ದಾರಿ ಹುಡುಕಿ ಎರಡಪಟ್ಟು ಬಡಕೊಳ್ಳಾಕತ್ತಿತು. ಯಾರಾರ ಅದನ್ನ ಎತ್ತಬೇಕ್ರಿ. ಯಾರು ಎತ್ತಿದ್ರೂ ನಡಿತೈತಿ ಅನ್ನೂದು ಆಮ್ಯಾಲ ಗೊತ್ತಾತು.”

ನೀಲಾಳ ಬೆನ್ನುಹುರಿಯ ಬದಿಗೆ ಅಕ್ಕಿಕಾಳಿನಷ್ಟು ಸಣ್ಣದೊಂದು ಯಂತ್ರ ಕೂಡಿಸುತ್ತಾರೆ. ಅದು ಕೊರಳ ಕೆಳಗಿನ ಮೈಯಿಂದ, ಮುಖ್ಯವಾಗಿ ಆ ಕಾಲಿನಿಂದ, ಏರುವ ನೋವಿನ ಸುದ್ದಿಯನ್ನು ಅಲ್ಲಿಯೇ ಹಿಡಿದು, ಗಾಳಿಯಲ್ಲಿ ಪಟ್ಟಿಗೆ ಕಳಿಸುತ್ತದೆ. ಪಟ್ಟಿ ಕಟ್ಟಿಕೊಂಡವರ ಮಿದುಳು ಆ ನೋವನ್ನು ತನ್ನದೇ ಎಂದು ತಿಳಿದು ಮರುತ್ತರ ಕೊಡುತ್ತದೆ. ಆ ಉತ್ತರ ಸಿಕ್ಕರೆ ನೀಲಾಳ ನರಕ್ಕೆ ಸಮಾಧಾನ. ರಕ್ತಸಂಬಂಧಿಗಳಾದರೆ ಚೆನ್ನಾಗಿ ಕೂಡುತ್ತದಂತೆ. ಅಷ್ಟು ಕೇಳಿದ್ದೇ ತಡ, ನಾನು ಕೊರಳು ಮುಂದೆ ಮಾಡಿದೆ. ನಮ್ಮನೆಯವರು ನನ್ನ ಕೈಹಿಡಿದು ಹಿಂದಕ್ಕೆ ಎಳೆದರು.

“ಮಾಡಿದಾಂವ ನಾನು. ಪಾಲಿಗೆ ಬಂದದ್ದು ಪಂಚಾಮೃತ. ನನಗ ಕಟ್ಟ್ರಿ.”

ಡಾಕ್ಟರ್ ಒಂದು ಕ್ಷಣ ಅವರನ್ನು ದಿಟ್ಟಿಸಿ ನೋಡಿದರು. ಆಮೇಲೆ ಬೆರಳೆತ್ತಿ ಹೇಳಿದರು:

“ಹಂಗಾದ್ರ ಒಂದು ಮಾತು ನೆನಪಿರ್ಲಿ. ಪಟ್ಟಿ ಕಟ್ಟಿದ ಮ್ಯಾಲ ಆಕಿ ಕಾಲಿನ್ಯಾಗ ಏನಾದ್ರೂ ಆಕಿಗೆ ತಿಳಿಯಾಂಗಿಲ್ಲ. ಮುಳ್ಳು ಚುಚ್ಚಲಿ, ಕೀವು ಆಗ್ಲಿ, ತಿಳಿಯೂದು ನಿಮಗೊಬ್ಬರಿಗೇ. ಯಂತ್ರಕ್ಕೂ ಗೊತ್ತಾಗೂದಿಲ್ಲ, ಅದು ಬರೇ ತಂತಿ ಇದ್ದಂಗ. ನೋವಿನ ಜಾಗ ಬದಲಾದ್ರ, ಬಗಿ ಬದಲಾದ್ರ, ಹೆಚ್ಚಾದ್ರ, ಅವತ್ತ ಫೋನ್ ಮಾಡಬೇಕು. ಆಕಿ ಕಾಲಿಗೆ ಇನ್ನ ನೀವ ಬಾಯಿ.”

“ಆತ್ರಿ,” ಎಂದರು ಇವರು.

“ಮತ್ತ ಇನ್ನೊಂದು. ಹೊತ್ತವರಿಗೆ ತಡಿಯಲಾರದಷ್ಟಾದ್ರ ಕಾಯ್ದೆ ಪ್ರಕಾರ ಮಿಕ್ಕಿದ್ದನ್ನ ವಾಪಸ್ ಪೇಶಂಟಿಗೇ ಬಿಡಬೇಕಾಗತೈತಿ. ಅದಕ್ಕೂ ತಯಾರಿರಬೇಕು.”

ಇವರು ಗೋಡೆಯ ಪರದೆ ನೋಡುತ್ತ ಕುಳಿತರು.

ಯಂತ್ರ ಕೂಡಿಸಿ ಪಟ್ಟಿ ಚಾಲೂ ಮಾಡಿದಾಗ ನಾನು ಮಗಳ ಬದಿಗಿದ್ದೆ. ನೀಲಾ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಹುಬ್ಬಿನ ಗಂಟು ಸಡಿಲಾಯಿತು. ತನ್ನ ಕಾಲನ್ನು ಬೇರೆ ಯಾರದ್ದೋ ಅನ್ನುವಂತೆ ಮುಟ್ಟಿ ನೋಡಿ, “ಅವ್ವಾ, ಹೋತು” ಎಂದು ನಕ್ಕಳು. ಎಷ್ಟು ತಿಂಗಳ ಮೇಲೆ ಕಂಡ ನಗು ಅದು! ಗಾಜಿನ ಗೋಡೆಯ ಆಚೆ ಕುಳಿತಿದ್ದ ಅವರಪ್ಪನ ಮೈ ಬಿಲ್ಲಿನಂತೆ ಬಾಗಿತು. ಕುರ್ಚಿಯ ಹಿಡಿ ಹಿಡಿದ ಬೆರಳು ಬೆಳ್ಳಗಾದವು. ಬಾಯಿ ಮಾತ್ರ ತೆರೆಯಲಿಲ್ಲ. ನಿಜ ಹೇಳಲೇ? ನನಗೆ ಅಯ್ಯೋ ಅನ್ನಿಸಲಿಲ್ಲ. ಅನುಭವಿಸಲಿ ಅನ್ನಿಸಿತು.

ಮನೆಯಲ್ಲಿ ಹೊಸ ಸಂಸಾರ ಶುರುವಾಯಿತು. ನೀಲಾ ಕೋಲು ಹಿಡಿದು ಓಡಾಡತೊಡಗಿದಳು. ಅವಳ ಕಾಲು ಹೊಸ್ತಿಲಿಗೆ ತಾಗಿದರೆ ಪಡಸಾಲೆಯಲ್ಲಿ ಅವರಪ್ಪನ ಕೈಯಿಂದ ಚಹದ ಕಪ್ಪು ಬೀಳುತ್ತಿತ್ತು. “ಅಪ್ಪಾ, ಸಾರಿ!” ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು. “ಏನಾಗೇತಿ? ಕಪ್ಪು ಜಾರಿತು ಅಷ್ಟ” ಎಂದು ಇವರು. ಒಮ್ಮೊಮ್ಮೆ ಅವಳು ಬೇಕೆಂದೇ ತೊಡೆ ಚಿವುಟಿಕೊಂಡು, ಪೇಪರು ಓದುತ್ತಿದ್ದ ಅಪ್ಪ ಬೆಚ್ಚುವುದನ್ನು ನೋಡಿ ನಗುತ್ತಿದ್ದಳು. “ಗಯ್ಯಾಳಿ, ಅಪ್ಪನ ಜೀವ ತಿಂತಿ” ಎಂದು ನಾನು ಬೈದರೂ ಆ ನಗು ನನಗೆ ಬೇಕಾಗಿತ್ತು.

ಆಗ ಊರಲ್ಲೆಲ್ಲ ಪಟ್ಟಿಯವರೇ. ನಮ್ಮಂತೆ ಮನೆಯವರಿಗಾಗಿ ಕಟ್ಟಿಕೊಂಡವರದು ಹಸಿರು. ಅಡ್ಡಾದಿಡ್ಡಿ ಓಡಿಸಿ ಯಾರಿಗೋ ಗುದ್ದಿ, ಕೋರ್ಟಿನ ಆಜ್ಞೆಯ ಮೇಲೆ ಆ ಗಾಯಾಳುವಿನ ನೋವು ಹೊತ್ತವರದು ಕೆಂಪು. ವರ ನೋಡಲು ಹೋದವರು ಮೊದಲು ಕೊರಳು ನೋಡುತ್ತಿದ್ದರು. ಸಂತೆಯ ನಡುವೆ ಕೆಂಪು ಪಟ್ಟಿಯ ತರುಣನೊಬ್ಬ ಧೊಪ್ಪನೆ ಕೂತು ಕಾಲು ಹಿಡಿದು ಅಳುವುದನ್ನು ಜನ ನಿಂತು ನೋಡಿ, ಆಮೇಲೆ ಬೈಕನ್ನು ಮೆಲ್ಲಗೆ ಓಡಿಸಿಕೊಂಡು ಮನೆಗೆ ಹೋಗುತ್ತಿದ್ದರು. ಇನ್ನು ರಸ್ತೆ ಸುಧಾರಿಸಿತು ಎಂದು ಪೇಪರಿನವರು ಬರೆದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮಳೆಗಾಲ ಬರುವಷ್ಟರಲ್ಲಿ ಬೈಪಾಸಿನ ಮೇಲೆ ಮತ್ತೆ ಮೊದಲಿನ ಹಾಗೆ ಸುಂಯ್ ಅಂತ ಹಾರಾಟ. ಸತ್ತವರಿಗೆ ನೋವಿರುವುದಿಲ್ಲವಲ್ಲ, ಆದ್ದರಿಂದ ಕೊಂದವನಿಗೆ ಪಟ್ಟಿಯೂ ಇಲ್ಲ. ಗುದ್ದಿದರೆ ಪೂರಾ ಗುದ್ದಬೇಕು ಎಂದು ನಗೆಯಾಡುವವರನ್ನೂ ನಾನೇ ಕಿವಿಯಾರೆ ಕೇಳಿದೆ.

ಪಟ್ಟಿ ಕಟ್ಟಿದವರು ವಾಹನ ಓಡಿಸುವಂತಿಲ್ಲ. ಆದ್ದರಿಂದ ನಾನು ಓಡಿಸಲು ಕಲಿತೆ. ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗುವಾಗ ಮೂವರ ಬೆಲ್ಟೂ ಎಳೆದು ನೋಡದೆ ನಾನು ಚಾವಿ ತಿರುಗಿಸುತ್ತಿರಲಿಲ್ಲ. ಒಂದು ಆಕಳಿಕೆ ಬಂದರೂ ರಾಯಾಪುರದ ಹತ್ತಿರ ಪಕ್ಕಕ್ಕೆ ಹಾಕಿ ಮುಖ ತೊಳೆದುಕೊಳ್ಳುತ್ತಿದ್ದೆ. “ಅವ್ವಾ, ಸೈಕಲ್‌ನಾಂವ ನಮ್ಮನ್ನ ಹಿಂದ ಹಾಕಿ ಹೋದ” ಎಂದು ನೀಲಾ ಛೇಡಿಸುತ್ತಿದ್ದಳು. “ಹೋಗ್ಲಿ ಬಿಡು. ಕೋಟಿ ಸೂರಿ ಹೋದ ಮ್ಯಾಲ ದಿಡ್ಡಿ ಬಾಗಲಾ ಹಾಕಾಕತ್ತೀನಿ” ಎನ್ನುತ್ತಿದ್ದೆ. ಪಕ್ಕದಲ್ಲಿ ಕುಳಿತ ಮನುಷ್ಯ ಕಿಟಕಿಯಾಚೆ ನೋಡುತ್ತಿದ್ದರು.

ಪ್ರಯೋಗಾಲಯದಲ್ಲಿ ಪ್ರತಿ ವಾರ ಅದೇ ಪ್ರಶ್ನೆ, ಅದೇ ಉತ್ತರ.

“ಹೆಂಗೈತ್ರಿ ಪೈಲ್ವಾನ್ರ?”

“ಹಂಗ ಐತ್ರಿ.”

“ಹೆಚ್ಚು ಕಡಿಮಿ?”

“ಏನಿಲ್ರಿ.”

ಇದರ ನಡುವೆ ಗರಡಿಮನೆಯವರು ಇವರಿಗೊಂದು ಸನ್ಮಾನ ಇಟ್ಟುಕೊಂಡರು. ರಸ್ತೆಗೆ ಅಡ್ಡಲಾಗಿ ಫ್ಲೆಕ್ಸು: ತ್ಯಾಗಮೂರ್ತಿ ತಂದೆ ಗುರುಶಾಂತಪ್ಪ. ಶಾಲು, ಹಾರ, ಹಣ್ಣಿನ ಬುಟ್ಟಿ. “ಇಷ್ಟು ತಿಂಗಳಾತು, ನಮ್ಮ ಪೈಲ್ವಾನ ಒಮ್ಮೆ ‘ಹಾ’ ಅಂದಿಲ್ಲ!” ಎಂದು ಒಬ್ಬರು ಭಾಷಣ ಬಿಗಿದಾಗ ಚಪ್ಪಾಳೆಯೋ ಚಪ್ಪಾಳೆ. ಮಗಳನ್ನು ಹಿಂದೆ ಮಲಗಿಸಿಕೊಂಡು ಸ್ಟೇರಿಂಗ್ ಮೇಲೆ ನಿದ್ದೆ ಹೊಡೆದವರಿಗೆ ಶಾಲು! ನಾನು ನಡುವೆಯೇ ಎದ್ದು ಬಂದೆ. ಮನೆಗೆ ಬಂದ ಮೇಲೆ ಇವರು ಶಾಲನ್ನು ಮಡಚಿ ಕಪಾಟಿನ ಮೇಲೆ ಇಟ್ಟು, “ಸಿಟ್ಟಿಗೇಳಬ್ಯಾಡ, ನಾನೇನು ಕೇಳಿದ್ನೇನು?” ಎಂದರು. ನಾನು ಎದ್ದು ಒಳಗೆ ಹೋದೆ. ಹಾಗೆ ನೋಡಿದರೆ ಅಪಘಾತವಾದ ದಿನದಿಂದ ನಾನು ಅವರೊಡನೆ ಬೇಕಾದಷ್ಟೇ ಮಾತಾಡುತ್ತಿದ್ದೆ.

ನಾಗರ ಪಂಚಮಿ ಮುಗಿದ ಮೇಲೆ ಅವರು ಕಪ್ಪಿಟ್ಟರು. ಹಬ್ಬದ ಉಂಡಿಯನ್ನು ಬಾಯಿಗಿಟ್ಟು ಹಾಗೇ ಕೆಳಗಿಡುತ್ತಿದ್ದರು. ಅಂಗಿ ಬೆವರಿನಿಂದ ತೊಯ್ದಿರುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು, ಯಾರಾದರೂ ಬಂದರೆ ಚೌಕಟ್ಟಿನ ಬಣ್ಣ ನೋಡುವವರ ಹಾಗೆ ನಟಿಸುತ್ತಿದ್ದರು. ಇತ್ತ ನೀಲಾ ಕೋಲನ್ನು ಮೂಲೆಗೆಸೆದು ನಡೆಯುತ್ತಿದ್ದಳು. ಕಾಲೇಜಿಗೆ ಮರಳುವ ಮಾತಾಡುತ್ತಿದ್ದಳು. ಅವಳ ಮೈ ಸ್ವಲ್ಪ ಬೆಚ್ಚಗೆ ಅನ್ನಿಸಿತು ನನಗೆ. ಮಳೆಯ ತಂಪಿಗೆ ಎಲ್ಲರ ಮನೆಯಲ್ಲೂ ಜ್ವರ ನೆಗಡಿ ಇತ್ತು. ಆದರೂ ಮನಸ್ಸು ಗಟ್ಟಿ ಮಾಡಿ ಕೇಳಿದೆ:

“ರೀ, ಆಕಿ ಕಾಲು ಹೆಂಗೈತಿ? ಖರೇ ಹೇಳ್ರಿ. ಹೆಚ್ಚಾಗೇತೇನು?”

“ಏನಿಲ್ಲ, ಹಂಗ ಐತಿ.”

“ನಿಮ್ಮ ಮಾರಿ ನೋಡಿದ್ರ ಹಂಗ ಕಾಣೂದಿಲ್ಲ.”

“ಮಾರಿ ಏನ್ ನೋಡ್ತಿ? ವಯಸ್ಸಾತು,” ಎಂದು ನಕ್ಕರು.

ನೀಲಾ ಎದುರಿಗೇ ಕುಳಿತಿದ್ದಳು. “ಅಪ್ಪಾ, ಭಾಳ ಆದ್ರ ಸ್ವಲ್ಪ ನನಗ ವಾಪಸ್ ಕೊಡು. ನಾ ತಡಕೋತೀನಿ” ಎಂದಳು. ಇವರು ಅವಳ ತಲೆ ಸವರಿದರು. “ಪೈಲ್ವಾನನ ಮಗಳು ಹಿಂಗ ಮಾತಾಡ್ತಾಳೇನು? ನೀ ಓಡಾಡು. ನೀ ಓಡಾಡೂದು ನೋಡಿದ್ರ ನನಗೇನೂ ಅನ್ಸೂದಿಲ್ಲ.” ಮಾರನೆಯ ದಿನ ಧಾರವಾಡದಲ್ಲೂ ಅದೇ ‘ಹಂಗ ಐತ್ರಿ’. ಡಾಕ್ಟರು ನೀಲಾಳ ಕಾಲು ಒತ್ತಿ ನೋಡಿದರು. ಅವಳು ‘ಏನೂ ಆಗೂದಿಲ್ಲ’ ಎಂದಳು. ಅವಳಿಗೆ ಹೇಗೆ ಆದೀತು? ಡಾಕ್ಟರು ಇವರ ಕಡೆ ತಿರುಗಿದರು. ಇವರು ಮುಖ ಕಲ್ಲು ಮಾಡಿಕೊಂಡು ಕುಳಿತಿದ್ದರು. ಗಾಯದ ಮೇಲೆ ಬಾವಿಲ್ಲ, ಕೆಂಪಿಲ್ಲ. ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ಬರಲಿಲ್ಲ. ಗಣಪತಿ ಕೂಡಿಸಿದ ದಿನ ಮುಂಜಾನೆ ನೀಲಾ ಕಡುಬು ತುಂಬುತ್ತ ಕುಳಿತಿದ್ದಳು. “ಅವ್ವಾ, ಥಂಡಿ ಯಾಕಿಷ್ಟು?” ಎಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ನಾನು ಕೈತೊಳೆದು ಬರುವಷ್ಟರಲ್ಲಿ ಕಣ್ಣುಗುಡ್ಡೆ ಮೇಲಾಗಿ ಹೂರಣದ ಪರಾತದ ಮೇಲೆ ವಾಲಿದ್ದಳು. ಅಪ್ಪ ಮಗಳಿಬ್ಬರನ್ನೂ ಹಿಂದೆ ಕೂಡಿಸಿ ಬೆಲ್ಟ್ ಬಿಗಿದು, ಆಸ್ಪತ್ರೆಗೆ ಕಾರು ಓಡಿಸಿದೆ. ಎಷ್ಟೇ ಅವಸರವಿದ್ದರೂ ಕೆಂಪು ದೀಪಕ್ಕೆ ನಿಂತೆ. ನಿಂತಾಗಲೆಲ್ಲ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಬಾಯಿಗೆ ಟವೆಲ್ ತುರುಕಿಕೊಂಡಿದ್ದರು.

ತೊಡೆಯ ಎಲುಬಿನೊಳಗೆ, ಸರಳಿನ ಸುತ್ತ, ಆಳದಲ್ಲಿ ಕೀವು ಕಟ್ಟಿತ್ತು. ಹೊರಗೆ ಕಾಣುವಂಥದ್ದಲ್ಲ. ಅದು ರಕ್ತಕ್ಕೆ ಇಳಿದು ಮೈಯೆಲ್ಲ ವಿಷವಾಗಿದೆ ಎಂದರು ಆಸ್ಪತ್ರೆಯವರು. ಸುದ್ದಿ ತಿಳಿದು ಧಾರವಾಡದಿಂದ ಓಡಿಬಂದ ನಸ್ರೀನ್ ಡಾಕ್ಟರು ನೇರವಾಗಿ ನಮ್ಮನೆಯವರ ಮುಂದೆ ನಿಂತರು.

“ಯಾವಾಗಿಂದ?”

ಇವರು ಬಾಯಿಂದ ಟವೆಲ್ ತೆಗೆದರು. “ಪಂಚಮಿ ಮುಂದ ಶುರುವಾತ್ರಿ. ಮೊದಲಿನಂಥದ್ದಲ್ಲ. ಒಳಗ ಕೆಂಡ ಇಟ್ಟಂಗ. ಡಬಡಬ ಬಡಿತಿತ್ತು.”

“ಹೇಳಿದ್ನಲ್ರಿ ನಾನು! ಬಗಿ ಬದಲಾದ್ರ ಅವತ್ತ ಹೇಳ್ರಿ ಅಂದಿರಲಿಲ್ಲೇನ್ರಿ?”

“ಹೇಳಿದ್ರ ಮಿಕ್ಕಿದ್ದು ಆಕಿಗೆ ವಾಪಸ್ ಬಿಡ್ತಿದ್ರಿ. ನಾ ಮಾಡಿದ ತಪ್ಪಿಗೆ ಇದು ನನ್ನ ಶಿಕ್ಷಾ. ಹೆಚ್ಚಾತು ಅಂತ ಶಿಕ್ಷಾದಿಂದ ಓಡಿ ಹೋಗ್ಲೇನು? ಇದೂ ನನ್ನ ಪಾಲಿಂದ ಅಂತ ತಡಕೊಂಡೆ.”

“ಶಿಕ್ಷಾ ಯಾರು ಕೊಟ್ರಿ ನಿಮಗ?” ಡಾಕ್ಟರರ ದನಿ ಒಡೆಯಿತು. “ಅದು ಆಕಿ ಕಾಲು ‘ಕಾಪಾಡ್ರೋ’ ಅಂತ ಒದರಾಕತ್ತಿತ್ತು! ಫೋನ್ ಎತ್ತಿದ್ರಿ, ಕೇಳಿಸ್ಕೊಂಡ್ರಿ, ಯಾರಿಗೂ ಹೇಳಲಿಲ್ಲ. ಆಗ ಹೇಳಿದ್ರ ಒಂದು ಸಣ್ಣ ಆಪರೇಶನ್ ಆಗಿತ್ತು. ಆಕಿ ಈಗ ಕಾಲೇಜಿನ್ಯಾಗ ಇರ್ತಿದ್ಲು.”

ಇವರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ನೆಲಕ್ಕೆ ಕುಸಿದರು. ನಿದ್ದೆ ಬಂದಿದೆ ಎಂದು ಒಪ್ಪಿಕೊಳ್ಳದ ಗಂಡಸು, ನೋಯುತ್ತಿದೆ ಎಂದು ಹೇಗೆ ಒಪ್ಪಿಕೊಂಡಾನು? ಎರಡು ಸಲವೂ ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಸಾಕಿತ್ತು. ಎರಡು ಸಲವೂ ಬೆಲೆ ತೆತ್ತದ್ದು ನನ್ನ ಮಗಳು.

“ಪಟ್ಟಿ ಬಿಚ್ಚಿ ನನಗ ಕಟ್ಟ್ರಿ,” ಎಂದೆ ಡಾಕ್ಟರಿಗೆ.

“ಈಗ ಬಿಚ್ಚಾಕ ಬರೂದಿಲ್ಲ ಅಕ್ಕಾ. ಬಿಚ್ಚಿದ ಗಳಿಗ್ಯಾಗ ಅಷ್ಟೂ ನೋವು ಒಮ್ಮಿಗೇ ಆಕಿ ಮ್ಯಾಲ ಬೀಳತೈತಿ. ಆಕಿ ಎದಿ ಅದನ್ನ ತಡಿಯೂದಿಲ್ಲ. ಔಷಧ ಶುರು ಮಾಡ್ಯಾರ. ಹತ್ತಿದ್ರ ಉಳೀತಾಳ.” ಆಮೇಲೆ ಇವರ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಮೆತ್ತಗೆ ಹೇಳಿದರು: “ಇನ್ನರ ಬಾಯಿಬಿಡ್ರಿ. ಎಲ್ಲೆಲ್ಲಿ ನೋವು ಏರತೈತಿ, ಎಲ್ಲಿ ಇಳಿತೈತಿ, ಹೇಳಿಕೋತ ಇರ್ರಿ. ನಮಗ ಈಗ ಅದ ದಾರಿ ತೋರಿಸಬೇಕು.”

ಆಗ ನಮ್ಮನೆಯವರು ಬಾಯಿಬಿಟ್ಟರು. ಹಾ! ಎಂದರು. ಯವ್ವಾ! ಎಂದರು. ಆ ಕೂಗಿಗೆ ಓಣಿಯಂಥ ಆ ಉದ್ದ ಪಡಸಾಲೆಯಲ್ಲಿದ್ದವರೆಲ್ಲ ಎದ್ದು ನಿಂತರು. “ಸೊಂಟಕ್ಕ ಬಂತ್ರಿ... ಹೊಟ್ಟಿಗೆ ಏರಾಕತ್ತೇತ್ರಿ... ಯವ್ವಾ, ಸುಡತೈತ್ರಿ...” ನರ್ಸು ಅದನ್ನು ಒಳಗೆ ಹೇಳಿ ಕಳಿಸುತ್ತಿದ್ದಳು. ಇಷ್ಟು ತಿಂಗಳು ಹಲ್ಲಿನಡಿ ಅದುಮಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಅನುಭವಿಸಲಿ ಎಂದಿದ್ದ ನಾನೇ ಕಿವಿ ಮುಚ್ಚಿಕೊಂಡೆ.

ಒಳಗೆ ಬಿಟ್ಟರು ನನ್ನನ್ನು. ನೀಲಾಳ ತುಟಿ ನೀಲಿಗಟ್ಟಿತ್ತು. ಸುತ್ತ ಕೊಳವೆ, ಕುಯ್ಯೋ ಅನ್ನುವ ಯಂತ್ರ. ಆದರೆ ಮುಖ ಎಷ್ಟು ಶಾಂತ! ಸಾಯುತ್ತಿರುವ ಮೈಯಿಂದ ಒಂದು ಸುದ್ದಿಯೂ ಅವಳಿಗೆ ತಲುಪುತ್ತಿರಲಿಲ್ಲ.

“ಅವ್ವಾ, ಯಾಕ ಅಳತಿ? ನನಗೇನೂ ಆಗೂವಲ್ತು. ಆರಾಮ ಅದೀನಿ,” ಎಂದಳು. “ಬರೇ ನಿದ್ದಿ ಬರಾಕತ್ತೇತಿ. ಹೊರಗ ಯಾರದು ಅಷ್ಟು ಒದರಾಕತ್ತಾರ? ಪಾಪ, ಯಾರಿಗೋ ಭಾಳ ನೋವಾಗಾಕತ್ತೈತಿ.”

“ಯಾರೋ ಏನೋವಾ,” ಎಂದೆ.

“ನಮ್ಮಪ್ಪನ್ನ ಕರಿ. ಅಂವಾ ಹೇಳ್ಕೊಡ್ತಾನ ಅವರಿಗೆ ಹೆಂಗ ತಡಕೋಬೇಕು ಅಂತ.”

ನಾನು ಅವಳ ಮುಖ ಸವರಿದೆ. ನೆಟಿಗೆ ಮುರಿಯಲು ಕೈ ಎತ್ತಿ, ಆ ಮಾತು ಬಾಯಿಗೆ ಬಾರದೆ ಹಾಗೇ ಇಳಿಸಿದೆ. ವೈದ್ಯರು ಬಂದು ನನ್ನನ್ನು ಹೊರಗೆ ಕಳಿಸಿದರು.

ಪಡಸಾಲೆಯ ಬೆಂಚಿನ ಮೇಲೆ ಅವರ ಪಕ್ಕ ಕುಳಿತೆ. ಅವರು ಮುಂದಕ್ಕೆ ಹಿಂದಕ್ಕೆ ತೂಗುತ್ತ ನರಳುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವರ ಕೈಹಿಡಿದೆ. ಮುಳುಗುವವರ ಹಾಗೆ ಬಿಗಿಯಾಗಿ ಹಿಡಿದುಕೊಂಡರು. “ಎದಿಗೆ ಬಂತು ಲೀಲಾ... ಎದಿ ಹಿಂಡಾಕತ್ತೇತಿ...” ಎಂದು ಕೂಗಿದರು. ನರ್ಸು ಒಳಗೆ ಓಡಿದಳು. ಬಾಗಿಲ ಹಿಂದೆ ಹೆಜ್ಜೆಗಳ ಗಡಿಬಿಡಿ ಕೇಳಿಸಿತು.

ಆಮೇಲೆ ಅವರ ಕೈ ಸಡಿಲಾಯಿತು.

ತೂಗುವುದು ನಿಂತಿತು. ತಲೆಯೆತ್ತಿ, ಏನನ್ನೋ ಆಲಿಸುವವರ ಹಾಗೆ ಕುಳಿತರು. ಕಾಲು ಚಾಚಿ ನೋಡಿದರು, ಮಡಚಿ ನೋಡಿದರು. ಕಪ್ಪಿಟ್ಟಿದ್ದ ಮುಖದ ಗಂಟುಗಳೆಲ್ಲ ಬಿಚ್ಚಿ, ಹರೆಯದ ಗುರುಶಾಂತಪ್ಪನ ಮುಖ ಮತ್ತೆ ಕಾಣಿಸಿತು.

“ಲೀಲಾ, ನಿಂತಿತು ನೋಡು!” ಎಂದರು. “ಒಮ್ಮಿಗೇ ನಿಂತೈತಿ. ಚೂರೂ ಇಲ್ಲ. ಔಷಧ ಹತ್ತಿತು ಲೀಲಾ, ಆರಾಮ ಆದ್ಲು ನಮ್ಮ ಕೂಸು!”

ಬಾಗಿಲು ತೆರೆದು ನಸ್ರೀನ್ ಡಾಕ್ಟರು ಹೊರಗೆ ಬಂದು ಅಲ್ಲಿಯೇ ನಿಂತರು. ನಮ್ಮನೆಯವರು ಟವೆಲಿನಿಂದ ಮುಖ ಒರೆಸಿಕೊಂಡು, ನಗುತ್ತ ಎದ್ದರು. ನಾನು ಅವರ ಅಂಗಿಯ ಚುಂಗು ಹಿಡಿದು ಎಳೆದೆ. ಅವರು ಬಿಡಿಸಿಕೊಂಡು, ಡಾಕ್ಟರಿಗೆ ಕೈಮುಗಿಯುತ್ತ ಮುಂದೆ ಹೋದರು.